ಮುಕ್ಕಾಲು ಒಂಟೆ

ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯಲು ಕೂತರೆ ಮಾತಿಗೆ ಬರವಿಲ್ಲ. ಕೈ ಮೆಟ್ಟುಗತ್ತಿಯ ಮೇಲೆ, ಬಾಯಿ ಊರವರ ಮೇಲೆ. ಮೊನ್ನೆ ರಾತ್ರಿ ಮಾತ್ರ ಊರವರು ಬಚಾವಾದರು. ಗೌಡ್ರ ಮಗನಿಗೆ ಈ ಸಲ ಎಸ್ಸೆಸ್ಸೆಲ್ಸಿ. ‘ಅಪವರ್ತಿಸಿ’ (ಅಂದರೆ ಗುಣಿಸಿದರೆ ಅದೇ ಬರುವ ಹಾಗೆ ತುಂಡು ಮಾಡಿ) ಅನ್ನೋ ಲೆಕ್ಕ ಹಿಡಿದು ಮೂಲೆಯಲ್ಲಿ ಪೆನ್ನು ಕಚ್ಚುತ್ತಿದ್ದ.

“ಇದನ್ನ ಕಲಿತು ಯಾರು ಉದ್ಧಾರ ಆಗಿದ್ದಾರೆ ಮೇಷ್ಟ್ರೇ?” ಅಂದರು ಶೆಟ್ರು.

ರಿಟೈರಾದ ಮೇಷ್ಟ್ರಿಗೆ ಇಷ್ಟೇ ಬೇಕಿತ್ತು. “ಮಹಾವೀರಾಚಾರ್ಯ ಅಂತ ಇದ್ದ. ನಮ್ಮ ನೃಪತುಂಗನ ಕಾಲದವ, ಸುಮಾರು 850. ಗಣಿತಸಾರಸಂಗ್ರಹದಲ್ಲಿ ಅವನದೊಂದು ಲೆಕ್ಕ ಇದೆ. ಒಂಟೆ ಹಿಂಡು. ಕಾಲು ಭಾಗ ಕಾಡಲ್ಲಿ. ಹಿಂಡಿನ ವರ್ಗಮೂಲದ ಎರಡರಷ್ಟು ಗುಡ್ಡದಲ್ಲಿ. ಹೊಳೆ ದಡದಲ್ಲಿ 15. ಒಟ್ಟು ಎಷ್ಟು?”

“ನಮ್ಮ ಗುಡ್ಡಕ್ಕೆ ಬಂದಿದ್ರೆ ಜಿಗಣೆ ಕಾಟಕ್ಕೇ ಓಡ್ತಿದ್ವು” ಅಂದರು ಗೌಡ್ರು.

ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದರು (ಈಗಲೂ ಇಟ್ಟುಕೊಂಡಿರುತ್ತಾರೆ!). ವರ್ಗಮೂಲಕ್ಕೆ ವೈ ಅಂತ ಹೆಸರಿಟ್ಟು, ಇಡೀ ಹಿಂಡಿಗೆ ವೈ² ಅಂದು, ಕೂಡಿ ಕಳೆದು ನೆಲದ ಮೇಲೆ ಬರೆದರು: 3ವೈ² − 8ವೈ − 60 = 0.

“3 ಇಂಟು 60, 180. ಗುಣಿಸಿದರೆ 180 ಬರಬೇಕು, ಕಳೆದರೆ 8. ಹುಡುಕು ನೋಡೋಣ.”

“12, 15?”

“ಕಳೆದರೆ 3.”

“9, 20?”

“11.”

“ಜಾತಕ ನೋಡಿದ ಹಾಗಾಯ್ತಲ್ಲ ಮಾರಾಯ್ರೆ” ಅಂದರು ಶೆಟ್ರು. “ಒಂದು ಕೂಡಿದ್ರೆ ಇನ್ನೊಂದು ಕೂಡಲ್ಲ.”

“10, 18!” ಹುಡುಗ ಕೂಗಿದ.

ಮುಂದೆ ಸಲೀಸು. −8ವೈ ಇದ್ದ ಜಾಗಕ್ಕೆ −18ವೈ + 10ವೈ ಬಂತು. ಮೊದಲ ಜೋಡಿಯಿಂದ 3ವೈ, ಎರಡನೆಯದರಿಂದ 10 ಹೊರಗೆ ತೆಗೆದರೆ ಎರಡರಲ್ಲೂ ಉಳಿಯೋದು ವೈ − 6. ಅಲ್ಲಿಗೆ (ವೈ − 6)(3ವೈ + 10) = 0. ಗುಣಿಸಿದಾಗ ಸೊನ್ನೆ ಬರಬೇಕಾದರೆ ಎರಡರಲ್ಲಿ ಒಂದಾದರೂ ಸೊನ್ನೆ ಆಗಿರಲೇಬೇಕು. ಇಡೀ ವಿದ್ಯೆ ನಿಂತಿರುವುದು ಇದೊಂದರ ಮೇಲೆ. ವೈ 6, ಒಂಟೆ 36. ಇನ್ನೊಂದು ಉತ್ತರ ಮೈನಸ್ಸಿನದು, ಅದನ್ನು ಅಳಿಸಿದರು.

“9, 12, 15. ಸರಿ ಇದೆ” ಅಂತ ಗೌಡ್ರು ಕೂಡಿ ಒಪ್ಪಿದರು. ಶೆಟ್ರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. “ಹೊಳೆ ಹತ್ರ 15ರ ಬದಲು 16 ಇದ್ರೆ?”

60 ಇದ್ದಲ್ಲಿ ಈಗ 64, ಹಾಗಾಗಿ 3 ಇಂಟು 64, 192 ಬೇಕು, ವ್ಯತ್ಯಾಸ ಅದೇ 8. 12, 16? 4 ಬರುತ್ತೆ. 8, 24? 16 ಬರುತ್ತೆ. ನಡುವೆ 192ನ್ನು ಭಾಗಿಸುವ ಸಂಖ್ಯೆಯೇ ಇಲ್ಲ. ಪುಸ್ತಕದವರು ಉತ್ತರ ಮೊದಲೇ ಇಟ್ಟುಕೊಂಡು ಲೆಕ್ಕ ಕಟ್ಟುತ್ತಾರೆ, ಅದಕ್ಕೇ ಅಷ್ಟು ಚೆಂದ ಒಡೆಯುತ್ತೆ ಅನ್ನೋದು ನನ್ನ ಗುಮಾನಿ. ಮೇಷ್ಟ್ರು ಕೊನೆಗೆ ಸೂತ್ರ ಹಾಕಿದರು. 37.7 ಬಂತು.

“ಅಂದ್ರೆ 37 ಒಂಟೆ, ಮೇಲೊಂದು ಮುಕ್ಕಾಲು?”

“ಹ್ಞೂಂ, ಹತ್ರಹತ್ರ. ಹೊಳೆ ಹತ್ರ ಇರೋ 16 ಪೂರ್ತಿ ಇವೆ. ಕಾಡಲ್ಲೂ ಗುಡ್ಡದಲ್ಲೂ ತುಂಡು ತುಂಡು.”

ಶೆಟ್ರು ಮತ್ತೆ ಅಡಿಕೆಗೆ ಕೈ ಹಾಕಿದರು. “ಹಾಗಾದ್ರೆ ಗೌಡ್ರೇ, ಅದು ಚಿರತೆ ಕೆಲಸ. ಫಾರೆಸ್ಟಿನವರಿಗೆ ಹೇಳಿ, ಪರಿಹಾರ ಸಿಕ್ಕಿದ್ರೂ ಸಿಗಬಹುದು.”