ಸಹಾಯ ಬೇಕು: ಹಳೆ ಲಾರಿಯ ಹೀಟರ್ ಕೋರ್ ಸೋರ್ತಿದೆ

ಹೀಟರ್ ಕೋರ್ ಅಂದ್ರೆ ಇಂಜಿನ್‌ನ ಬಿಸಿ ಕೂಲೆಂಟ್ (ಇಂಜಿನ್ ತಂಪಿಡುವ ದ್ರವ) ಹರಿದು ಕ್ಯಾಬಿನ್‌ಗೆ ಬಿಸಿಗಾಳಿ ಕೊಡುವ ಚಿಕ್ಕ ರೇಡಿಯೇಟರ್. ಆ ಕೂಲೆಂಟ್ ಕಡಿಮೆ ಆಗ್ತಾನೇ ಇದೆ. ಡ್ಯಾಶ್‌ಬೋರ್ಡ್ ಕೆಳಗಿನ ಮ್ಯಾಟ್ ಒದ್ದೆ, ಕ್ಯಾಬಿನ್‌ನಲ್ಲಿ ಸಿಹಿ ವಾಸನೆ, ಗಾಜಿನ ಒಳಗೆ ಜಿಡ್ಡು ಮಂಜು. ಕೋರ್ ಬಿಚ್ಚಿ ನೋಡಿದರೆ ತಾಮ್ರ-ಹಿತ್ತಾಳೆಯದು, ಅದರ ತುದಿಯ ಟ್ಯಾಂಕಿನ ಅಂಚಿಗೆ ಹಸಿರು ಕಿಲುಬು ಹಿಡಿದಿದೆ.

ಸದ್ಯಕ್ಕೆ ಕೋರ್‌ಗೆ ಬರುವ, ಹೋಗುವ ಎರಡೂ ಹೋಸ್‌ಗಳನ್ನು ಹಿತ್ತಾಳೆ ಪೈಪ್ ತುಂಡಿನಿಂದ ಒಂದಕ್ಕೊಂದು ಜೋಡಿಸಿ, ಕ್ಲಿಪ್ ಬಿಗಿದು, ಗಾಳಿ ತೆಗೆದಾಗಿದೆ. ಹೋಸ್‌ಗಳ ಬಾಯಿ ಮುಚ್ಚಿಲ್ಲ, ಯಾಕಂದ್ರೆ ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್ ದಾರಿ ತಡೆಯುವ ವಾಲ್ವ್) ಮುಚ್ಚಿದ್ದಾಗ ನೀರು ತಿರುಗೋದೇ ಈ ದಾರಿಯಲ್ಲಿ. ಬಳ್ಳಾರಿ ಬಿಸಿಲಿಗೆ ಹೀಟರ್ ಬೇಡ, ನಿಜ. ಆದರೆ ಮಳೆಗಾಲದ ಘಾಟಿಯಲ್ಲಿ ಗಾಜಿನ ಮಂಜು ಬಿಡಿಸೋಕೆ ಬೇಕೇ ಬೇಕು.

ಬೆಸುಗೆ ಹಾಕಿ, ನೀರಲ್ಲಿ ಮುಳುಗಿಸಿ, 1 ಬಾರ್ ಗಾಳಿ ಬಿಟ್ಟು ಪರೀಕ್ಷಿಸಿ ಕೊಡುವ ರೇಡಿಯೇಟರ್ ಅಂಗಡಿ ಬಳ್ಳಾರಿ, ಕೊಪ್ಪಳದಲ್ಲಿ ಎಲ್ಲಿದೆ ಅಣ್ಣಂದಿರೇ? ಲೀಕ್ ನಿಲ್ಲಿಸುವ ಪುಡಿ ಮಾತ್ರ ಹೇಳಬೇಡಿ, ರೇಡಿಯೇಟರ್‌ನ ಸಣ್ಣ ಕೊಳವೆಗಳೂ ಕಟ್ಟಿಕೊಳ್ಳಬಹುದು.