ಕೆರೆ ಏರಿಯ ಮೇಲಿನ ಹೆಜ್ಜೆ ನಾಯಿಯದೋ ಚಿರತೆಯದೋ? ಕೆಲಸದವರು ಕೆಳಗಿನ ತೋಟಕ್ಕೆ ಇಳಿಯುತ್ತಿಲ್ಲ

ಮೂಡಿಗೆರೆ ತೋಟದಮನೆ

ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ತೋಟ. ಕೊಯ್ಲು ಮುಗಿದು ಕಪಾತು (ಗಿಡ ಸವರುವ ಕೆಲಸ) ನಡೆಯುತ್ತಿದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ, ಸ್ಪ್ರಿಂಕ್ಲರ್ ಪಂಪ್ ಇಟ್ಟಿರುವ ಕೆರೆಯ ಏರಿಯ ಮೇಲೆ ಸಾಲಾಗಿ ಹೆಜ್ಜೆಗಳು ಮೂಡಿದ್ದವು. ಮೇಸ್ತ್ರಿ ನೋಡಿದ ಕೂಡಲೇ ಚಿರತೆ ಎಂದ. ತೋಟದ ಲೆಕ್ಕ ಬರೆಯುವ ರೈಟರ್ ನಾಯಿ ಎಂದ. ನಮ್ಮ ಮಾವನವರು ಜಗಲಿಯಿಂದ ಇಳಿಯದೆಯೇ ಹುಲಿ ಎಂದು ತೀರ್ಪು ಕೊಟ್ಟರು. ಮೂರರಲ್ಲಿ ಕೆಲಸದವರ ಲೈನ್ ಮನೆಗಳನ್ನು ಬೇಗ ತಲುಪಿದ್ದು ಕೊನೆಯದು. ಅಂದಿನಿಂದ ಹೆಂಗಸರು ಕೆಳಗಿನ ಪಟ್ಟಿಗೆ ಇಳಿಯುತ್ತಿಲ್ಲ.

ನಾನು ಸ್ಕೇಲ್ ಹಿಡಿದು ಅಳೆದೆ. ಉದ್ದ 8 ಸೆಂ.ಮೀ., ಅಗಲ 6ಕ್ಕಿಂತ ತುಸು ಹೆಚ್ಚು. ನಾಲ್ಕು ಬೆರಳು. ನಡುವಿನ ಎರಡು ಬೆರಳುಗಳ ಮುಂದೆ ಚುಚ್ಚಿದಂತೆ ಸಣ್ಣ ತೂತುಗಳಿವೆ. ಹೆಜ್ಜೆಗಳು ಏರಿಯ ಮೇಲೆ ಸ್ವಲ್ಪ ದೂರ ಹೋಗಿ, ಪೊದೆಯ ಕಡೆಗೆ ತಿರುಗಿ, ಮತ್ತೆ ಹಿಂದಕ್ಕೆ ಬಂದು, ನೀರಿನತ್ತ ಇಳಿದಿವೆ.

ಇಷ್ಟೇ ಆಗಿದ್ದರೆ ರೈಟರ್ ಮಾತನ್ನು ಒಪ್ಪಿ ಸುಮ್ಮನಾಗುತ್ತಿದ್ದೆ. ಆದರೆ ಅಲ್ಲಿಂದ ಮೇಲೆ, ಲೈನ್ ಮನೆಯ ದಾರಿ ಕವಲೊಡೆಯುವ ಕಡೆ, ನಟ್ಟನಡುವೆ ಮಲ ಬಿದ್ದಿದೆ. ಒಣಗಿ ಬೆಳ್ಳಗಾಗಿದೆ, ತುಂಡುತುಂಡಾಗಿದೆ, ಒಂದು ತುದಿ ಚೂಪಾಗಿದೆ. ಕಡ್ಡಿಯಿಂದ ಕೆದಕಿದರೆ ಒತ್ತಾಗಿ ಕಂದು ಕೂದಲು, ಜೊತೆಗೆ ಕಪ್ಪಗೆ ಹೊಳೆಯುವ ಪುಟ್ಟ ಗೊರಸಿನ ಚೂರು. ಪಕ್ಕದಲ್ಲಿ ತರಗೆಲೆ ಸರಿಸಿದಂತೆ ಜೋಡಿ ಗೀರು, ಸುಮಾರು ಒಂದು ಅಡಿ ಉದ್ದ. ಇದೂ ನಾಯಿಯದೇ ಆಗಿರಬಹುದೇ?

(ಬಂಡೆಯ ಮೇಲೆ ಕಾಫಿಬೀಜ ತುಂಬಿದ ಹಿಕ್ಕೆಯೂ ಇದೆ, ಅದನ್ನು ಕೇಳುತ್ತಿಲ್ಲ. ಅದು ಕಾಫಿ ಹಣ್ಣು ತಿನ್ನುವ ಕಬ್ಬೆಕ್ಕಿನದು ಎಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಪೇಟೆಯವರು ಅದನ್ನು ತೊಳೆದು ಹುರಿದು ಎಷ್ಟು ಬೆಲೆಗೆ ಕುಡಿಯುತ್ತಾರೆ ಎಂದು ಹೇಳಿದರೆ ಮೇಸ್ತ್ರಿ ನಂಬಲು ಸಿದ್ಧನಿಲ್ಲ.)

ಜಾಗರ ಕಣಿವೆಯವ

ಅಕ್ಕ, ನೀವು ಎರಡು ಪ್ರಾಣಿಗಳನ್ನು ಒಂದೇ ಕಡತದಲ್ಲಿ ಕಟ್ಟಿದ್ದೀರಿ. ಬಿಚ್ಚಿ ನೋಡೋಣ.

ಏರಿಯ ಮೇಲಿನದು ನಾಯಿ. ಅಗಲಕ್ಕಿಂತ ಉದ್ದ ಹೆಚ್ಚು, ಉಗುರು ಮೂಡಿದೆ, ನಡುವಿನ ಎರಡು ಬೆರಳು ಮುಂದೆ. ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆ. ಜಾರುವ ಕೆಸರಿನಲ್ಲಿ ಅದರ ಉಗುರೂ ಒಮ್ಮೊಮ್ಮೆ ಮೂಡುವುದುಂಟು, ಆದ್ದರಿಂದ ಉಗುರೊಂದನ್ನೇ ನಂಬಬೇಡಿ. ಅಂಗಾಲಿನ ಮೆತ್ತೆಯನ್ನು ನೋಡಿ. ಬೆಕ್ಕಿನ ಜಾತಿಯಲ್ಲಿ ಅದು ಬೆರಳುಗಳಿಗೆ ಹೋಲಿಸಿದರೆ ದೊಡ್ಡದು, ಹಿಂಬದಿಯ ಅಂಚಿನಲ್ಲಿ ಮೂರು ಉಬ್ಬುಗಳಿರುತ್ತವೆ. ಇಡೀ ಹೆಜ್ಜೆ ದುಂಡಗೆ, ನಡುವಿನ ಬೆರಳುಗಳಲ್ಲಿ ಒಂದು ಇನ್ನೊಂದಕ್ಕಿಂತ ತುಸು ಮುಂದೆ. ಎಡಗಾಲೋ ಬಲಗಾಲೋ ಎಂದು ಹೇಳುವುದೂ ಅದರಿಂದಲೇ. ನಾಯಿಯ ಹೆಜ್ಜೆಯ ಮೇಲೆ ಎರಡು ಕಡ್ಡಿಗಳನ್ನು ಅಡ್ಡಡ್ಡ ಗುಣಿಸು ಚಿಹ್ನೆಯಂತೆ ಇಟ್ಟರೆ ಬೆರಳಿಗೂ ಮೆತ್ತೆಗೂ ತಾಗದೆ ನಡುವಿನ ಸಂದಿನಲ್ಲಿ ಕೂರುತ್ತವೆ. ಚಿರತೆಯ ಹೆಜ್ಜೆಯಲ್ಲಿ ಕಡ್ಡಿ ಮೆತ್ತೆಯ ಮೇಲೇ ಏರುತ್ತದೆ. ನಡಿಗೆಯೂ ಸಾಕ್ಷಿ ಹೇಳುತ್ತದೆ. ಅಲ್ಲಿ ಮೂಸಿ, ಇಲ್ಲಿ ಮೂಸಿ, ಹಿಂದಿರುಗಿ ಬರುವುದು ಊರ ನಾಯಿಯ ಚಾಳಿ. ಚಿರತೆ ಹೆಚ್ಚಾಗಿ ದಾರಿ ಹಿಡಿದು ನೇರ ಹೋಗುತ್ತದೆ. ಇನ್ನು ಬೆಳೆದ ಹುಲಿಯಾಗಿದ್ದರೆ ಮುಂಗಾಲಿನ ಅಗಲವೇ ಸುಮಾರು 12 ಸೆಂ.ಮೀ. ಅಥವಾ ಹೆಚ್ಚು ಇರಬೇಕಿತ್ತು. ಮಾವನವರಿಗೆ ಮೆಲ್ಲಗೆ ತಿಳಿಸಿ.

ಆದರೆ ಮೇಲಿನ ಕವಲಿನಲ್ಲಿ ನೀವು ಕಂಡದ್ದು ಬೇರೆ ಕಥೆ. ಕೂದಲು, ಗೊರಸಿನ ಚೂರು, ಮೂಳೆಯ ಸುಣ್ಣದಿಂದ ಬಂದ ಬಿಳುಪು, ಚೂಪು ತುದಿ, ಅದೂ ದಾರಿಯ ನಡುವೆ: ಚಿರತೆ ತನ್ನ ಗಡಿ ಸಾರುವುದು ಹೀಗೆಯೇ. ಗೊರಸು ಬಹುಶಃ ಕಾಡುಕುರಿಯದು, ಅಂದರೆ ಬೊಗಳುವ ಸಣ್ಣ ಜಿಂಕೆಯದು. ಗೀರನ್ನು ಇನ್ನೊಮ್ಮೆ ನೋಡಿ ಬನ್ನಿ. ನಾಯಿಯೂ ಹಿಂಗಾಲಿನಿಂದ ಕೆರೆಯುತ್ತದೆ, ಆದರೆ ಅದು ಉಗುರು ಊರಿ ಮಣ್ಣನ್ನು ದೂರಕ್ಕೆ ಚೆಲ್ಲುತ್ತದೆ, ಗೀರು ಅಡ್ಡಾದಿಡ್ಡಿ. ಚಿರತೆ ಹಿಂಗಾಲು ಎರಡನ್ನೂ ಒತ್ತಿ ಎಳೆಯುತ್ತದೆ. ಗೀರುಗಳು ಒಂದರ ಪಕ್ಕ ಒಂದು, ಕೊನೆಯಲ್ಲಿ ಎಲೆ, ಮಣ್ಣು ಸಣ್ಣ ಗುಡ್ಡೆಯಾಗಿರುತ್ತದೆ. ಕಾಡಿನ ಸೀಳುನಾಯಿಯ ಮಲದಲ್ಲೂ ಕೂದಲು, ಮೂಳೆ ಇರುತ್ತವೆ, ಅವೂ ಕವಲಿನಲ್ಲೇ ಹಾಕುತ್ತವೆ. ಆದರೆ ಗುಂಪಾಗಿ ಬರುವುದರಿಂದ ಅಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಗುಪ್ಪೆಗಳು ಸಿಗುತ್ತವೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಜಂತುಹುಳುವಿನ ಮೊಟ್ಟೆಗಳಿರುತ್ತವೆ.

ಒಂದೇ ಹೆಜ್ಜೆಯ ಮೇಲೆ ಪಂದ್ಯ ಕಟ್ಟಬಾರದು ಎನ್ನುವುದಕ್ಕೆ ದೊಡ್ಡ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಹುಲಿಗಳನ್ನು ಹಿಂದೆ ಹೆಜ್ಜೆಯ ಅಚ್ಚು ನೋಡಿ ಎಣಿಸುತ್ತಿದ್ದರು. ಅದೇ ಕಾಲು ಒದ್ದೆ ಮಣ್ಣಿನಲ್ಲಿ ಒಂದು ಅಳತೆ, ಧೂಳಿನಲ್ಲಿ ಇನ್ನೊಂದು ಅಳತೆ ತೋರಿಸುತ್ತದೆ. ಕಾಗದದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಉಳಿದಿಲ್ಲವೆಂದು 2005ರಲ್ಲಿ ಬಯಲಾಯಿತು. ಆ ಮೇಲೆ ಎಣಿಕೆ ಕ್ಯಾಮೆರಾಗಳ ಪಾಲಾಯಿತು. ನಮ್ಮ ಭದ್ರಾ ಹುಲಿ ಮೀಸಲಿನಲ್ಲೂ ಈಗ ಹುಲಿಯ ಗುರುತು ಮೈಮೇಲಿನ ಪಟ್ಟೆಯಿಂದಲೇ.

ಹೆತ್ತೂರು ಹೋಬಳಿ

ನಮ್ಮ ಸಕಲೇಶಪುರದ ಕಡೆ ಇಷ್ಟು ಸೂಕ್ಷ್ಮವಾಗಿ ನೋಡುವ ಭಾಗ್ಯ ಯಾರಿಗಿದೆ! ಬಾಳೆ ಮಲಗಿದ್ದರೆ, ಬೇಲಿ ಚಪ್ಪಟೆಯಾಗಿದ್ದರೆ, ಪೈಪು ಮುರಿದಿದ್ದರೆ ಬಂದವರು ಯಾರೆಂದು ಕೇಳಬೇಕಿಲ್ಲ. ಆದರೂ ಮಕ್ಕಳಿಗೆ ಒಂದು ಲೆಕ್ಕ ಹೇಳಿಕೊಡುತ್ತೇನೆ: ಆನೆಯ ಮುಂಗಾಲಿನ ದುಂಡು ಹೆಜ್ಜೆಯ ಸುತ್ತಳತೆಯನ್ನು ದಾರದಿಂದ ಅಳೆದು ಎರಡರಿಂದ ಗುಣಿಸಿದರೆ ಭುಜದ ಎತ್ತರ ಹತ್ತಿರ ಹತ್ತಿರ ಸಿಗುತ್ತದೆ. ಹಿಂಗಾಲಿನದು ಮೊಟ್ಟೆಯಾಕಾರ, ಅದನ್ನು ಅಳೆಯಬೇಡಿ.

ನಾನು ಬರೆಯಲು ಕೂತದ್ದು ಬೇರೆಯದಕ್ಕೆ. ಚಿರತೆ ಎಂಬ ಸುದ್ದಿ ಹಬ್ಬಿದೊಡನೆ ಯಾರಾದರೂ ಕೇಬಲ್ ತಂತಿ ತಂದು ಉರುಳು ಹಾಕುತ್ತಾರೆ. ಕೇಳಿದರೆ ಹಂದಿಗೆ ಎನ್ನುತ್ತಾರೆ. ಪಕ್ಕದ ತೋಟದ ಬೇಲಿಯಲ್ಲಿ ಸೊಂಟಕ್ಕೆ ಉರುಳು ಬಿಗಿದು ಸತ್ತ ಚಿರತೆಯನ್ನು ಕಣ್ಣಾರೆ ಕಂಡಿದ್ದೇನೆ. ಸುತ್ತಲಿನ ನೆಲವನ್ನೆಲ್ಲ ಅದು ಉತ್ತುಹಾಕಿತ್ತು. ಬೇಲಿಯುದ್ದಕ್ಕೂ ಒಮ್ಮೆ ನಡೆದು ಬನ್ನಿ, ಹಂದಿ ನುಸುಳುವ ಸಂದಿಗಳಲ್ಲಿ ಕೈಯಾಡಿಸಿ ನೋಡಿ.

ಮೂಡಿಗೆರೆ ತೋಟದಮನೆ

ಇಬ್ಬರಿಗೂ ಧನ್ಯವಾದ. ಕಡ್ಡಿ ಇಟ್ಟು ನೋಡಿದೆವು, ಎರಡೂ ಸಂದಿನಲ್ಲೇ ಕೂತವು. ರೈಟರ್ ಮೀಸೆ ತಿರುವಿದ. ಆಮೇಲೆ ಕವಲಿಗೆ ಹೋದೆವು. ಗೀರುಗಳು ಪಕ್ಕಪಕ್ಕದಲ್ಲೇ ಇವೆ, ಕೊನೆಯಲ್ಲಿ ಎಲೆಯ ಗುಡ್ಡೆಯೂ ಇದೆ. ಈಗ ಮೇಸ್ತ್ರಿಯ ಸರದಿ. ಅದೂ ಅಲ್ಲದೆ, ನಾಲ್ಕು ಮಾರು ಮುಂದೆ ಹಳೆಯ ಇಂಥದೇ ಗೀರು ಸಿಕ್ಕಿತು, ಅದರೊಳಗೆ ಹುಲ್ಲು ಚಿಗುರಿದೆ. ಅಂದರೆ ಇದು ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ. ಇಡೀ ಕೊಯ್ಲಿನ ಕಾಲದಲ್ಲಿ ಇದೇ ದಾರಿಯಲ್ಲಿ ಹೆಂಗಸರು ಮೂಟೆ ಹೊತ್ತು ಓಡಾಡಿದ್ದಾರೆ. ಈ ಮಾತನ್ನು ಅವರಿಗೆ ಹೇಳಿದೆ. ಇಬ್ಬರು ನಕ್ಕರು, ಒಬ್ಬಳು ಇನ್ನೂ ಹೆದರಿದಳು. ಸದ್ಯಕ್ಕೆ ಗುಂಪಾಗಿ ಇಳಿದು, ನಾಲ್ಕು ಗಂಟೆಗೆ ಹತ್ತಿ ಬರುವುದೆಂದು ಒಪ್ಪಂದವಾಗಿದೆ. ಬೇಲಿಯಲ್ಲಿ ಉರುಳು ಸಿಗಲಿಲ್ಲ. ವಲಯ ಅರಣ್ಯಾಧಿಕಾರಿಗಳ ಕಚೇರಿಗೂ ತಿಳಿಸಿದ್ದೇನೆ. ನನ್ನ ತಮ್ಮನ ಬಳಿ, ಪ್ರಾಣಿ ಸುಳಿದರೆ ತಾನೇ ಪಟ ತೆಗೆಯುವ ಟ್ರ್ಯಾಪ್ ಕ್ಯಾಮೆರಾ ಇದೆ, ಕವಲಿನಲ್ಲೇ ಕಟ್ಟಬಹುದೇ?

ಜಾಗರ ಕಣಿವೆಯವ

ಕಚೇರಿಯವರನ್ನು ಒಂದು ಮಾತು ಕೇಳಿ, ನಿಮ್ಮ ತೋಟದೊಳಗೆ ಮಾತ್ರ ಕಟ್ಟಿ. ಮೊಣಕಾಲಿನ ಎತ್ತರ ಸಾಕು. ದಾರಿಯಿಂದ ಮೂರು ನಾಲ್ಕು ಮೀಟರ್ ದೂರವಿರಲಿ. ಮೂಡಣಕ್ಕೆ ಮುಖ ಮಾಡಬೇಡಿ, ಬೆಳಗಿನ ಬಿಸಿಲು ನೇರ ಬಿದ್ದರೆ ಸುಮ್ಮಸುಮ್ಮನೆ ಪಟ ತೆಗೆಯುತ್ತದೆ. ಎದುರಿನ ಜರಿಗಿಡ ಸವರಿ, ಇಲ್ಲವಾದರೆ ಗಾಳಿಗೆ ಅಲುಗುವ ಎಲೆಯ ಚಿತ್ರಗಳೇ ಕಾರ್ಡ್ ತುಂಬುತ್ತವೆ. ಕೆಲಸದವರಿಗೆ ಮೊದಲೇ ತಿಳಿಸಿ, ಅವರ ಪಟವೂ ಬೀಳುತ್ತದೆ. ಮತ್ತೆ, ಏರಿಯ ಮೇಲೆ ಅಲೆದಾಡಿದ ಆ ನಾಯಿ ನಿಮ್ಮದೇ ಆಗಿದ್ದರೆ ಇಂದಿನಿಂದಲೇ ರಾತ್ರಿ ಒಳಗೆ ಕೂಡಿ. ಚಿರತೆ ಅಂಗಳದವರೆಗೆ ಬರುವುದು ಹೆಚ್ಚಾಗಿ ಅದಕ್ಕಾಗಿಯೇ.