ಪದಚರ್ಚೆ: ಡಿಸ್ಕ್ ಡ್ರೈವರಿನ ‘ಕಂಪ್ಲೀಟ್’ಗೆ ‘ವಿಲೇವಾರಿ’ ಆದೀತೆ?

ಎಲ್ಲರಿಗೂ ನಮಸ್ಕಾರ.

ಲಿನಕ್ಸಿನ ಡಿಸ್ಕ್ ಡ್ರೈವರ್, ಅಂದರೆ ಡಿಸ್ಕಿನಿಂದ ಕೆಲಸ ಮಾಡಿಸುವ ತಂತ್ರಾಂಶದ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಾ ಒಂದು ಕ್ರಿಯಾಪದಕ್ಕೆ ಸಿಕ್ಕಿಕೊಂಡಿದ್ದೇನೆ. (‘ಡ್ರೈವರ್’ ಹಾಗೇ ಇರಲಿ; ‘ಚಾಲಕ’ ಅಂದರೆ ನನಗಂತೂ ಸ್ಟೀರಿಂಗ್ ಹಿಡಿದವರೇ ಕಣ್ಣಿಗೆ ಬರುತ್ತಾರೆ.)

ಓದು, ಬರೆ ಎಂದು ಕರ್ನಲ್ (ಲಿನಕ್ಸಿನ ತಿರುಳು) ಕಳಿಸುವ ರಿಕ್ವೆಸ್ಟನ್ನು ‘ಕೋರಿಕೆ’ ಎಂದು ಬರೆದಿದ್ದೆ. ಅದನ್ನು ಡ್ರೈವರ್ ‘ಕಂಪ್ಲೀಟ್’ ಮಾಡಬೇಕು, ಅಂದರೆ ಅದರ ಕೆಲಸ ಮುಗಿಯಿತೆಂದು ಕರ್ನಲ್ಲಿಗೆ ತಿಳಿಸಬೇಕು. ಕೋರಿಕೆ ಅಂದಮೇಲೆ ಬಾಯಿಗೆ ಬರುವುದು ‘ಈಡೇರಿಸು’. ಎಡವಿದ್ದು ಅಲ್ಲೇ. ಡಿಸ್ಕ್ ಕೈಕೊಟ್ಟು ಒಂದು ಬೈಟೂ ಓದಲಾಗದಿದ್ದರೂ, ದೋಷದ ಸಂಖ್ಯೆ ಹಚ್ಚಿ, ಕಂಪ್ಲೀಟ್ ಮಾಡಲೇಬೇಕು. ಮರೆತರೆ ಕಾದು ಕೂತ ಪ್ರೋಗ್ರಾಂ ಏಳುವುದೇ ಇಲ್ಲ. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ‘ಪಿಎಸ್’ ಪಟ್ಟಿಯಲ್ಲಿ ಅದರ ಸ್ಥಿತಿ ‘ಡಿ’ (ಎಬ್ಬಿಸಲಾಗದ ನಿದ್ದೆ) ಎಂದಿರುತ್ತದೆ, ಬಲವಂತವಾಗಿ ನಿಲ್ಲಿಸುವ ‘ಕಿಲ್ -9’ಕ್ಕೂ ಜಗ್ಗದು. 120 ಸೆಕೆಂಡು ದಾಟಿದರೆ ಸಾಮಾನ್ಯವಾಗಿ ಕರ್ನಲ್ಲೇ ಲಾಗಿನಲ್ಲಿ ಗೊಣಗುತ್ತದೆ. ಎರಡು ಸಲ ಕಂಪ್ಲೀಟ್ ಮಾಡಿದರಂತೂ ಇನ್ನೂ ಕೆಟ್ಟದ್ದು: ಅಷ್ಟರಲ್ಲಿ ಅದೇ ಟ್ಯಾಗು (ರಿಕ್ವೆಸ್ಟಿನ ಗುರುತಿನ ಸಂಖ್ಯೆ) ಬೇರೊಂದು ರಿಕ್ವೆಸ್ಟಿನ ಪಾಲಾಗಿರಬಹುದು.

ಆಗ ನೆನಪಾದದ್ದು ತಾಲ್ಲೂಕು ಕಚೇರಿ. ಅಲ್ಲಿ ಮಂಜೂರಾದ ಅರ್ಜಿಯೂ ವಿಲೇವಾರಿ, ಹಿಂಬರಹ ಕೊಟ್ಟು ತಿರಸ್ಕರಿಸಿದ್ದೂ ವಿಲೇವಾರಿ. ನನಗೆ ಬೇಕಿದ್ದ ಅರ್ಥ ಇದೇ. ರಿಕ್ವೆಸ್ಟಿಗೆ ಅರ್ಜಿ, ಕ್ಯೂಗೆ ಸರದಿ, ದೋಷದ ಸಂಖ್ಯೆಗೆ ಹಿಂಬರಹ, ಎಲ್ಲ ಒಂದೇ ಮೇಜಿನ ಮೇಲೆ ಸಿಕ್ಕಿದವು. ಅಕ್ಕಪಕ್ಕದ ಸೆಕ್ಟರುಗಳ (ಡಿಸ್ಕಿನ 512 ಬೈಟಿನ ತುಂಡುಗಳ) ರಿಕ್ವೆಸ್ಟುಗಳನ್ನು ಕರ್ನಲ್ ಒಂದಾಗಿ ಬೆಸೆಯುತ್ತದಲ್ಲ, ಅದಕ್ಕೆ ‘ಜಂಟಿ ಅರ್ಜಿ’!

ಒಂದು ವಾಕ್ಯದಲ್ಲಿಟ್ಟು ನೋಡಿದೆ. 8 ಸೆಕ್ಟರಿನ, ಅಂದರೆ 4096 ಬೈಟಿನ ಓದು. ಮೂರು ಸೆಕ್ಟರು ಬಂದು ನಾಲ್ಕನೆಯದರಲ್ಲಿ ದೋಷ. ‘ಮೊದಲ 1536 ಬೈಟು ಸಂದವು, ಉಳಿದ 2560ಕ್ಕೆ ದೋಷದ ಹಿಂಬರಹ ಕೊಟ್ಟು ಅರ್ಜಿ ವಿಲೇವಾರಿ ಮಾಡಲಾಯಿತು.’ ಓದಿಸಿಕೊಳ್ಳುತ್ತದೆ ಅನ್ನಿಸಿತು. ಮನೆಯಲ್ಲಿ ಮಗಳಿಗೆ ಓದಿ ಹೇಳಿದರೆ, “ವಿಲೇವಾರಿ ಅಂದ್ರೆ ಕಸದ್ದಲ್ವಾ ಅಪ್ಪ? ಡೇಟಾ ಎಸೆದುಬಿಡ್ತಾರಾ?” ಅಂದಳು. ಹಾಗಾಗಿ ಅರ್ಜಿಯನ್ನು ಬಿಟ್ಟು ಬೇರೇನನ್ನೂ ವಿಲೇವಾರಿ ಮಾಡುವುದಿಲ್ಲ ಎಂದು ನಿಯಮ ಹಾಕಿಕೊಂಡಿದ್ದೇನೆ. ‘ಇತ್ಯರ್ಥ’ಕ್ಕೆ ವ್ಯಾಜ್ಯದ ವಾಸನೆ, ‘ತೀರುವಳಿ’ಗೆ ಸಾಲದ್ದು. ಇವೆರಡಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಜೊತೆಗೆ ‘ಫ್ಲಶ್’ ಕೂಡ ಬಾಕಿ ಇದೆ. ಡಿಸ್ಕಿನ ಒಳಗಿನ ತಾತ್ಕಾಲಿಕ ನೆನಪಾದ ಕ್ಯಾಶ್‌ನಲ್ಲಿ ನಿಂತ ಬರಹವನ್ನು ಕರೆಂಟು ಹೋದರೂ ಉಳಿಯುವ ಜಾಗಕ್ಕೆ ಮುಟ್ಟಿಸುವುದು. ‘ಖಾಲಿ ಮಾಡು’ ತಪ್ಪು, ಏಕೆಂದರೆ ಕ್ಯಾಶ್ ಖಾಲಿಯಾಗಬೇಕೆಂದಿಲ್ಲ. ‘ಇಳಿಸು’ ಅಂದರೆ ಡೌನ್‌ಲೋಡ್ ಅಂದುಕೊಳ್ಳುತ್ತಾರೆ. ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ?